ಹುಳುಕುಹಲ್ಲು ಮತ್ತು ಸಕಾಲದ ಚಿಕಿತ್ಸೆ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಸಂಪತ್ತು ಕೈಸೇರುವ ಹೊತ್ತಿಗೆ ಅದನ್ನು ಅನುಭವಿಸುವ ಶಕ್ತಿ ಉಡುಗಿರುತ್ತದೆಂಬುದನ್ನು ತಿಳಿಸಲು ನಮ್ಮ ಹಿರಿಯರು ಆರಿಸಿಕೊಂಡ ಉದಾಹರಣೆ ಹಲ್ಲು. ವಯಸ್ಸಾದಂತೆ ಹಲ್ಲು ಹೋಗುವುದು ಕೂದಲು ನರೆಯುವುದರಷ್ಟೇ ಸಹಜವೆಂಬ ಭಾವನೆ ಈ ಮಾತಿನ ಹಿಂದೆ ಅಡಗಿದೆ. ಆ ಭಾವನೆ ಈಗಲೂ ನಮ್ಮನ್ನು ಬಿಟ್ಟುಹೋಗಿಲ್ಲ. ಕಣ್ಣಿಗೆ ಒಂದು ಧೂಳಿನ ಕಣ ಬಿದ್ದರೆ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಯೇ ಬಿಟ್ಟು ನೀರಿಗಾಗಿ ಓಡುತ್ತೇವೆ; ಹಲ್ಲಿನ ಮೇಲೆ ಕಪ್ಪು ಚುಕ್ಕೆಯೊಂದು ಕಾಣಿಸಿದರೆ ಮಾತ್ರ, "ನೋವೇನೂ ಇಲ್ಲವಲ್ಲ, ನೋಡೋಣ" ಎಂದು ಸುಮ್ಮನಾಗುತ್ತೇವೆ. ಓದುಬರಹ ಬಾರದವರು ಹೀಗೆ ಮಾಡಿದರೆ ಅಜ್ಞಾನವೆನ್ನಬಹುದು. ಪದವೀಧರರೂ, ಅಧಿಕಾರಿಗಳೂ, ಮಕ್ಕಳಿಗೆ ಪಾಠ ಹೇಳುವ ನಾವೂ ಇದನ್ನೇ ಮಾಡುತ್ತಿರುವುದರಿಂದ ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡುವುದು ಯುಕ್ತ.

ನಾವು ಮುಖ್ಯವಾಗಿ ಹೇಳಬೇಕಾದುದು ಒಂದೇ ಮಾತು. ಹಲ್ಲಿನ ನೋವು ರೋಗದ ಆರಂಭವಲ್ಲ. ಬಹುಕಾಲದಿಂದ ಸದ್ದಿಲ್ಲದೆ ನಡೆದುಬಂದ ರೋಗದ ಕೊನೆಯ ಘಟ್ಟ. ನೋವು ಬಂದ ಮೇಲೆ ವೈದ್ಯರಲ್ಲಿಗೆ ಹೋಗುವೆವೆಂದು ನಿಶ್ಚಯಿಸಿದವರು, ಸುಲಭವಾದ ಚಿಕಿತ್ಸೆಗೆ ಅವಕಾಶವಿದ್ದ ಕಾಲವನ್ನೆಲ್ಲ ಕಳೆದುಕೊಂಡ ಮೇಲೆಯೇ ಹೋಗುವೆವೆಂದು ನಿಶ್ಚಯಿಸಿದಂತೆ.

ಈ ರೋಗಕ್ಕೆ ನಮ್ಮ ಭಾಷೆಯಲ್ಲಿರುವ ಹೆಸರೇ ಗಮನಿಸತಕ್ಕದ್ದು. 'ಹುಳುಕು' ಎಂದರೆ ಹುಳು ತಿಂದುದು. ಸುಶ್ರುತಸಂಹಿತೆಯಲ್ಲಿ ದಂತರೋಗಗಳನ್ನು ಎಣಿಸುವಲ್ಲಿ ಇದನ್ನು ಕ್ರಿಮಿದಂತಕವೆಂದು ಕರೆದಿದೆ. ಬ್ಯಾಬಿಲೋನಿಯದಿಂದ ಐರೋಪ್ಯ ದೇಶಗಳವರೆಗೆ ಅನೇಕ ಜನಾಂಗಗಳು ಹಲ್ಲಿನೊಳಗೆ ಒಂದು ಹುಳುವಿದ್ದು ಅದು ಕೊರೆಯುತ್ತದೆಂದೇ ನಂಬಿದ್ದವು. ಫ್ರಾನ್ಸಿನ ಪಿಯರ್ ಫೋಷಾರ್ ಎಂಬ ದಂತವೈದ್ಯನು 1728ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ, ತಾನು ಅಂತಹ ಹುಳುವನ್ನು ಕಂಡಿಲ್ಲವೆಂದು ಈ ನಂಬಿಕೆಯನ್ನು ಅಲ್ಲಗಳೆದನು. ಆದರೆ ಹುಳುವಲ್ಲದಿದ್ದರೆ ಮತ್ತೇನು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯಲು ಇನ್ನೂ ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಯಿತು. ಬರ್ಲಿನ್ ನಗರದಲ್ಲಿ ಕೆಲಸಮಾಡುತ್ತಿದ್ದ ಮಿಲ್ಲರ್ ಎಂಬ ಅಮೆರಿಕದ ವಿದ್ವಾಂಸನು, ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ನಾವು ತಿಂದ ಹಿಟ್ಟು ಸಕ್ಕರೆಗಳನ್ನು ಹುಳಿಯಿಸಿ ಆಮ್ಲವನ್ನುಂಟುಮಾಡುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂಬುದನ್ನು 1890ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಿವರಿಸಿದನು. ಹಿರಿಯರು ಹುಳುವೆಂದುದು ಪೂರ್ತಿ ಸುಳ್ಳಲ್ಲ. ಹುಳು ಕಣ್ಣಿಗೆ ಕಾಣದಷ್ಟು ಚಿಕ್ಕದು, ಅದು ಕೊರೆಯುವುದಿಲ್ಲ, ಹುಳಿಯಿಂದ ಕರಗಿಸುತ್ತದೆ ಎಂದಷ್ಟು ತಿದ್ದಿಕೊಳ್ಳಬೇಕು.

ಇನ್ನು ಹಲ್ಲಿನ ರಚನೆಯನ್ನು ನೋಡೋಣ. ಹಲ್ಲಿನ ಹೊರಗಡೆ ಬಿಳುಪಾದ ಕವಚವೊಂದಿದೆ; ಇದಕ್ಕೆ ಎನಾಮಲ್ ಎಂದು ಹೆಸರು. ನಮ್ಮ ಶರೀರದಲ್ಲಿರುವ ಪದಾರ್ಥಗಳಲ್ಲೆಲ್ಲ ಇದೇ ಅತ್ಯಂತ ಕಠಿನವಾದುದು. ಇದರ ತೂಕದಲ್ಲಿ ಶೇಕಡ 96ರಷ್ಟು ಖನಿಜವೇ ಇದೆ. ಇದರ ಒಳಗೆ ಡೆಂಟಿನ್ ಎಂಬ, ಇಷ್ಟು ಗಟ್ಟಿಯಲ್ಲದ ಪದರವುಂಟು. ಅದರೊಳಗೆ ನಡುವಿನಲ್ಲಿ ರಕ್ತನಾಳಗಳೂ ನರಗಳೂ ಸೇರಿದ ಮೃದುವಾದ ತಿರುಳು ಇದೆ. ಎನಾಮಲ್‌ನಲ್ಲಿ ನರಗಳಿಲ್ಲ. ಆದುದರಿಂದ ಅದು ಕರಗುತ್ತಿರುವಾಗ ನಮಗೆ ಯಾವ ಸುಳಿವೂ ಹತ್ತುವುದಿಲ್ಲ. ಇದಲ್ಲದೆ, ಎನಾಮಲ್ಲನ್ನು ಕಟ್ಟಿದ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಕ್ಕೆ ಬರುವ ವೇಳೆಗೆ ನಾಶವಾಗಿರುತ್ತವೆ. ಮುರಿದ ಮೂಳೆ ಕೂಡುತ್ತದೆ, ಕೊಯ್ದ ಚರ್ಮ ಮಾಯುತ್ತದೆ. ತೂತುಬಿದ್ದ ಎನಾಮಲ್ ಮಾತ್ರ ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಹಾಗಾದರೆ ಆಮ್ಲ ಬಿದ್ದೊಡನೆಯೇ ಹಲ್ಲು ಕೆಡಬೇಕಲ್ಲವೆ ಎಂದು ಕೇಳಬಹುದು. ಪ್ರಕೃತಿ ಅಷ್ಟು ನಿರ್ದಯವಾಗಿಲ್ಲ. ನಾವು ಸಿಹಿ ತಿಂದ ಕೆಲವು ನಿಮಿಷಗಳಲ್ಲಿಯೇ ಹಲ್ಲಿಗಂಟಿದ ಸೂಕ್ಷ್ಮಜೀವಿಗಳ ಲೇಪದಲ್ಲಿ ಹುಳಿ ಏರುತ್ತದೆ. ರಸಾಯನಶಾಸ್ತ್ರದ ಪಿ.ಎಚ್. ಎಂಬ ಅಳತೆಯಲ್ಲಿ ಹೇಳುವುದಾದರೆ, ಅದು ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ಲಿನ ಖನಿಜ ಕರಗತೊಡಗುತ್ತದೆ. ಬಳಿಕ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗಾಗಿ ಜೊಲ್ಲು ಆ ಹುಳಿಯನ್ನು ತಗ್ಗಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳನ್ನು ಕೊಟ್ಟು, ಕಳೆದುಹೋದುದನ್ನು ತುಂಬಲಾರಂಭಿಸುತ್ತದೆ. ಈ ಏರಿಳಿತವನ್ನು ಅಮೆರಿಕದ ಸ್ಟೀಫನ್ ಎಂಬ ಸಂಶೋಧಕನು 1940ರ ದಶಕದಲ್ಲಿ ಅಳೆದು ತೋರಿಸಿದನು. ಹೀಗೆ ಪ್ರತಿದಿನವೂ ನಮ್ಮ ಬಾಯಿಯಲ್ಲಿ ಒಂದು ಜಮಾಖರ್ಚು ನಡೆಯುತ್ತಿದೆ. ಖರ್ಚು ಜಮೆಗಿಂತ ಹೆಚ್ಚಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆದರೆ ಆಗ ಹುಳುಕು ಉಂಟಾಗುತ್ತದೆ.

ಹುಳುಕಿನ ಘಟ್ಟಗಳನ್ನು ಕ್ರಮವಾಗಿ ತಿಳಿದುಕೊಂಡರೆ ಸಕಾಲದ ಚಿಕಿತ್ಸೆಯ ಬೆಲೆ ತಾನಾಗಿಯೇ ಮನಸ್ಸಿಗೆ ಹತ್ತುವುದು. ಮೊದಲನೆಯ ಘಟ್ಟದಲ್ಲಿ ಹಲ್ಲಿನ ಮೇಲೆ ಸುಣ್ಣದಂತಹ ಮಾಸಲು ಬಿಳಿ ಮಚ್ಚೆಯೊಂದು ಕಾಣುತ್ತದೆ. ಅಲ್ಲಿ ಖನಿಜ ಸವೆದಿದೆ, ಆದರೆ ಮೇಲ್ಮೈ ಇನ್ನೂ ಒಡೆದಿಲ್ಲ. ಈ ಘಟ್ಟದಲ್ಲಿ ಕೊರೆಯುವ ಕೆಲಸವೇ ಇಲ್ಲ. ಹಲ್ಲನ್ನು ಚೊಕ್ಕಟವಾಗಿಟ್ಟು, ಸಿಹಿಯನ್ನು ಮಿತಗೊಳಿಸಿ, ವೈದ್ಯರು ಫ್ಲೋರೈಡಿನ ಲೇಪ ಹಚ್ಚಿದರೆ ರೋಗ ಅಲ್ಲಿಗೇ ನಿಲ್ಲಬಹುದು. ಮಚ್ಚೆ ಮರಳಿ ಗಟ್ಟಿಯಾಗಲೂಬಹುದು. ರೋಗ ಹಿಂದಕ್ಕೆ ಹೋಗತಕ್ಕ ಘಟ್ಟ ಇದೊಂದೇ. ನೋವೆಂಬುದು ಇಲ್ಲಿ ಲವಲೇಶವೂ ಇರುವುದಿಲ್ಲ.

ಎರಡನೆಯ ಘಟ್ಟದಲ್ಲಿ ಮೇಲ್ಮೈ ಒಡೆದು ಕುಳಿ ಬೀಳುತ್ತದೆ. ಕುಳಿ ಡೆಂಟಿನ್‌ಗೆ ಇಳಿದೊಡನೆ ರೋಗದ ನಡಿಗೆ ಚುರುಕಾಗುತ್ತದೆ. ಹೊರಗೆ ಸೂಜಿಯ ಮೊನೆಯಷ್ಟು ಬಾಯಿ, ಒಳಗೆ ದೊಡ್ಡ ಪೊಳ್ಳು. ತಣ್ಣೀರು ಕುಡಿದಾಗ, ಸಿಹಿ ತಿಂದಾಗ ಒಂದು ಕ್ಷಣ ಜುಂ ಎನ್ನಬಹುದು; ಎಷ್ಟೋ ಜನರಿಗೆ ಅದೂ ಇಲ್ಲ. ಕೆಟ್ಟ ಭಾಗವನ್ನು ತೆಗೆದು ಕುಳಿಯನ್ನು ತುಂಬಿಸಿದರೆ ಸಾಕು, ಸಾಮಾನ್ಯವಾಗಿ ಒಂದೇ ಸಲದ ಕೆಲಸ.

ಮೂರನೆಯ ಘಟ್ಟದಲ್ಲಿ ರೋಗ ತಿರುಳನ್ನು ಮುಟ್ಟುತ್ತದೆ. ತಿರುಳು ಊದಿಕೊಳ್ಳಲು ಎಡೆಯಿಲ್ಲದ ಗಟ್ಟಿಗೋಡೆಗಳ ನಡುವೆ ಸೆರೆಯಾಗಿರುವುದರಿಂದ, ಊತದ ಒತ್ತಡವೆಲ್ಲ ನರದ ಮೇಲೆ ಬೀಳುತ್ತದೆ. ನಿದ್ದೆಗೆಡಿಸಿ, ಕಿವಿಗೂ ತಲೆಗೂ ಎಳೆಯುವ ನೋವು ಇದೇ. ನಮ್ಮಲ್ಲಿ ಬಹುಮಂದಿ ದಂತವೈದ್ಯರ ವಿಳಾಸವನ್ನು ವಿಚಾರಿಸುವುದು ಈ ರಾತ್ರಿಯ ಮಾರನೆಯ ಬೆಳಗ್ಗೆ. ಈಗ ಬರಿಯ ತುಂಬಿಸುವಿಕೆ ಸಾಲದು. ಬೇರಿನ ನಾಳವನ್ನು ಶುದ್ಧಿಮಾಡಿ ಮುಚ್ಚಬೇಕು, ಹಲ್ಲಿಗೆ ಟೋಪಿ ಹಾಕಬೇಕು, ಇಲ್ಲವೆ ಹಲ್ಲನ್ನೇ ಕೀಳಬೇಕು. ಹಣವೂ ಕಾಲವೂ ಹಲವು ಪಾಲು ಹೆಚ್ಚು ತಗಲುವುದು.

ಇಲ್ಲಿ ಒಂದು ಮೋಸವಿದೆ. ಅದನ್ನು ನಮ್ಮ ಶ್ರೋತೃಗಳು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಕೆಲವು ದಿನ ಕಾಡಿದ ನೋವು ಒಂದು ದಿನ ತಟ್ಟನೆ ನಿಂತುಹೋಗುತ್ತದೆ. "ವಾಸಿಯಾಯಿತು, ವೈದ್ಯರ ಹಂಗಿಲ್ಲ" ಎಂದು ಸಂತೋಷಪಡುತ್ತೇವೆ. ವಾಸ್ತವವಾಗಿ ಆಗಿರುವುದೇನೆಂದರೆ, ತಿರುಳು ಸತ್ತಿದೆ. ದೂರು ಹೇಳುತ್ತಿದ್ದ ನರವೇ ಇಲ್ಲವಾಗಿದೆ. ಸೋಂಕು ಮಾತ್ರ ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿಯುತ್ತಿರುತ್ತದೆ. ಮುಂದೆ ಕೀವುಗಟ್ಟಿ ಮುಖ ಊದುವುದು ಇದರಿಂದ. ಕೆಳದವಡೆಯ ಹಲ್ಲುಗಳ ಸೋಂಕು ನಾಲಗೆಯ ತಳಕ್ಕೂ ಕುತ್ತಿಗೆಗೂ ಹರಡಿ ಉಸಿರಾಟವನ್ನೇ ಕಟ್ಟಬಹುದು; ಇಂತಹ ಕಾಯಿಲೆಯನ್ನು ಜರ್ಮನಿಯ ಲೂಡ್ವಿಗ್ ಎಂಬ ವೈದ್ಯನು 1836ರಲ್ಲಿಯೇ ವರ್ಣಿಸಿದ್ದಾನೆ. ಅವನ ಹೆಸರಿನ ಆ ಕಾಯಿಲೆ ಇಂದಿಗೂ ಪ್ರಾಣಾಪಾಯಕರ. ಹಲ್ಲುನೋವಿನೊಡನೆ ಜ್ವರ ಬಂದು, ದವಡೆಯ ಕೆಳಗೆ ಊದಿ, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ ಮಾರನೆಯ ದಿನಕ್ಕೆ ಕಾಯದೆ ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು.

ದೊಡ್ಡವರ ಅಲಕ್ಷ್ಯದಿಂದ ಕೆಡುವುದು ಅವರ ಹಲ್ಲು. ಮಕ್ಕಳ ಹಲ್ಲಿನ ವಿಷಯದಲ್ಲಿ ನಾವು ಮಾಡುವ ಅಲಕ್ಷ್ಯದ ಫಲವನ್ನು ಅನುಭವಿಸತಕ್ಕವರು ಬೇರೆಯವರು. ಹಾಲುಹಲ್ಲು ಹೇಗಿದ್ದರೂ ಬಿದ್ದುಹೋಗುವುದಷ್ಟೆ, ಅದಕ್ಕೇಕೆ ಚಿಕಿತ್ಸೆ ಎಂಬ ಮಾತನ್ನು ಅನೇಕ ಮನೆಗಳಲ್ಲಿ ಕೇಳುತ್ತೇವೆ. ಆದರೆ ಹಿಂಬದಿಯ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕಾದವು. ಅವುಗಳಿಂದಲೇ ಮಗು ಅಗಿಯುವುದು. ತಮ್ಮ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲುಗಳಿಗೆ ಸ್ಥಳವನ್ನು ಕಾದಿಡುವವೂ ಅವೇ. ಅವು ಅಕಾಲದಲ್ಲಿ ಹೋದರೆ ಪಕ್ಕದ ಹಲ್ಲುಗಳು ಆ ಸ್ಥಳಕ್ಕೆ ವಾಲಿ, ಮುಂದೆ ಬರುವ ಹಲ್ಲು ಸೊಟ್ಟಗೆ ಹುಟ್ಟುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದು ಉಂಟು. ಮಗುವಿಗೆ ಸುಮಾರು ಆರು ವರ್ಷವಾದಾಗ, ಹಾಲುಹಲ್ಲುಗಳೆಲ್ಲದರ ಹಿಂದೆ, ಮೇಲೆ ಎರಡು ಕೆಳಗೆ ಎರಡು ಹೀಗೆ ನಾಲ್ಕು ದವಡೆಹಲ್ಲುಗಳು ಹುಟ್ಟುತ್ತವೆ. ಇವು ಹುಟ್ಟುವಾಗ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಆದುದರಿಂದ ತಂದೆತಾಯಿಗಳು ಇವುಗಳನ್ನೂ ಹಾಲುಹಲ್ಲುಗಳೆಂದೇ ಎಣಿಸಿ, ಹುಳುಕಾದರೆ "ಬಿದ್ದು ಹೊಸದು ಬರುತ್ತದೆ" ಎಂದು ಕಾಯುತ್ತಾರೆ. ಹೊಸದು ಬರುವುದಿಲ್ಲ. ಇವು ಶಾಶ್ವತ ಹಲ್ಲುಗಳು, ಜೀವಮಾನವೆಲ್ಲ ಬಾಳಬೇಕಾದವು, ಅಗಿಯುವ ಕೆಲಸದ ದೊಡ್ಡ ಭಾರ ಹೊರತಕ್ಕವು. ಇವುಗಳ ಮೇಲ್ಮೈಯಲ್ಲಿ ಆಳವಾದ ಗೆರೆಗಳಿದ್ದು, ಬ್ರಷ್ಷಿನ ಕೂದಲು ಅಲ್ಲಿಗೆ ಮುಟ್ಟುವುದಿಲ್ಲವಾದುದರಿಂದ, ಬಾಯಿಗೆ ಬಂದ ಒಂದೆರಡು ವರ್ಷಗಳಲ್ಲಿಯೇ ಕೆಡುವುದುಂಟು. ಮಗು ಎಂಟನೆಯ ವಯಸ್ಸಿನಲ್ಲಿ ಕಳೆದುಕೊಂಡ ಆ ಹಲ್ಲಿಲ್ಲದೆ ಅರವತ್ತು ಎಪ್ಪತ್ತು ವರ್ಷ ಬಾಳಬೇಕು. ಹಲ್ಲು ಪೂರ್ತಿ ಹುಟ್ಟಿದೊಡನೆ ವೈದ್ಯರಿಗೆ ತೋರಿಸಿದರೆ, ಆ ಗೆರೆಗಳನ್ನು ತೆಳುವಾದ ರಾಳದಿಂದ ಮುಚ್ಚಿ ರಕ್ಷಿಸುವರು. ಇದಕ್ಕೆ ಕೊರೆಯುವುದೂ ಇಲ್ಲ, ಸೂಜಿಯೂ ಇಲ್ಲ. ಆರನೆಯ ವರ್ಷದ ಹುಟ್ಟಿದ ಹಬ್ಬದಂದು ಮಗುವಿನ ಬಾಯನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡುವ ಪದ್ಧತಿಯನ್ನು ಪ್ರತಿಯೊಂದು ಮನೆಯೂ ಇಟ್ಟುಕೊಳ್ಳಬಹುದು.

ತಡಮಾಡುವುದಕ್ಕೆ ನಾವು ಕೊಡುವ ಕಾರಣಗಳು ಹಲವು. ನೋವಿಗೆ ಲವಂಗವಿದೆಯಲ್ಲ ಎಂಬುದೊಂದು. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ದ್ರವ್ಯ ನರವನ್ನು ಜೋಮುಗೊಳಿಸುವುದು ನಿಜ. ಅದು ಒಂದು ರಾತ್ರಿಯನ್ನು ಕಳೆಯಲು ನೆರವಾಗಬಲ್ಲದೇ ಹೊರತು ಕುಳಿಯನ್ನು ಮುಚ್ಚಲಾರದು. ಕಾವಲುಗಾರ ಕೂಗುತ್ತಾನೆಂದು ಅವನನ್ನು ಮಲಗಿಸಿದರೆ ಕಳ್ಳನು ಹೋದಂತಾಗಲಿಲ್ಲ. ಮೇಲಿನ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಮಂದವಾಗುವುದೆಂಬ ಹೆದರಿಕೆ ಇನ್ನೊಂದು. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ; ಈ ಹೆದರಿಕೆಗೆ ಆಧಾರವಿಲ್ಲ.

ಎಲ್ಲಕ್ಕಿಂತ ಬಲವಾದುದು ಚಿಕಿತ್ಸೆಯ ಭಯ. ಇದು ಹಿಂದಿನ ಕಾಲದಿಂದ ಬಂದ ಆಸ್ತಿ. ಅರಿವಳಿಕೆಯಿಲ್ಲದೆ ಇಕ್ಕಳದಿಂದ ಹಲ್ಲು ಕೀಳುತ್ತಿದ್ದ ದಿನಗಳ ಕಥೆ ಅಜ್ಜಿಯರಿಂದ ಮೊಮ್ಮಕ್ಕಳಿಗೆ ಬಂದಿದೆ. ಆದರೆ 1943ರಲ್ಲಿ ಸ್ವೀಡನ್ನಿನಲ್ಲಿ ಲಿಗ್ನೊಕೇನ್ ಎಂಬ ಅರಿವಳಿಕೆಯ ಔಷಧಿಯನ್ನು ತಯಾರಿಸಿದ ಮೇಲೆ ಈ ಭಯಕ್ಕೆ ಕಾರಣ ಬಹುಮಟ್ಟಿಗೆ ಹೋಯಿತು. ವಿಚಿತ್ರವೇನೆಂದರೆ, ಭಯಪಟ್ಟು ತಡಮಾಡಿದಷ್ಟೂ ಚಿಕಿತ್ಸೆ ಭಯಂಕರವಾಗುತ್ತ ಹೋಗುವುದು. ಕೀವು ತುಂಬಿದ ಜಾಗದಲ್ಲಿ ಅರಿವಳಿಕೆಯೂ ಸರಿಯಾಗಿ ಹತ್ತುವುದಿಲ್ಲ. ಬೇಗ ಹೋದವರಿಗೆ ಭಯಪಡಬೇಕಾದುದೇ ಕಡಿಮೆ.

ಹಣದ ಮಾತು ಬೇರೆ. ಅದು ನೆವವಲ್ಲ, ಅನೇಕರಿಗೆ ನಿಜವಾದ ಕಷ್ಟ. ಆದರೆ ಹಣವಿಲ್ಲದವರಿಗೇ ಬೇಗ ತೋರಿಸುವುದರಿಂದ ಹೆಚ್ಚಿನ ಲಾಭ. ರಫೀಯುದ್ದೀನ್ ಅಹಮದರು 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದಾಗ ದೇಶದಲ್ಲಿ ಅಂತಹ ಸಂಸ್ಥೆ ಬೇರೊಂದಿರಲಿಲ್ಲ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ ಆರಂಭವಾಯಿತು. ಈಗ ಮೈಸೂರು, ಮಂಗಳೂರು, ದಾವಣಗೆರೆ, ಧಾರವಾಡ, ಬೆಳಗಾವಿ ಮೊದಲಾದ ಊರುಗಳಲ್ಲಿಯೂ ಇಂತಹ ಕಾಲೇಜುಗಳಿವೆ; ಕಾಲೇಜುಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಡಿಮೆ ವೆಚ್ಚದಲ್ಲಿ ಚಿಕಿತ್ಸೆ ದೊರೆಯುವುದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಫ್ಲೋರೈಡುಳ್ಳ ಟೂತ್‌ಪೇಸ್ಟನ್ನೂ, ಹುಳುಕನ್ನು ತಡೆಗಟ್ಟುವ ಬೆಳ್ಳಿಯ ಫ್ಲೋರೈಡ್ ದ್ರವವನ್ನೂ, ಗ್ಲಾಸ್ ಅಯೊನೊಮರ್ ಎಂಬ ತುಂಬಿಸುವ ಪದಾರ್ಥವನ್ನೂ ಅತ್ಯವಶ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಕೊರೆಯುವ ಯಂತ್ರವಾಗಲಿ ವಿದ್ಯುಚ್ಛಕ್ತಿಯಾಗಲಿ ಇಲ್ಲದ ಕಡೆಯಲ್ಲಿಯೂ ಆರಂಭದ ಹುಳುಕಿಗೆ ಇವುಗಳಿಂದ ಉಪಾಯವುಂಟು. ಮುಂದುವರಿದ ಹುಳುಕಿಗೆ ಇಷ್ಟು ಅಗ್ಗದ ಉಪಾಯವಿಲ್ಲ. ಅದೇ ಸಂಸ್ಥೆಯ 2022ರ ವರದಿಯ ಪ್ರಕಾರ ಪ್ರಪಂಚದಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿಯೂ, 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲುಗಳಲ್ಲಿಯೂ ಹುಳುಕಿದೆ.

ಬೇಗ ಕಂಡುಹಿಡಿಯುವುದರ ಜೊತೆಗೆ, ಬಾರದಂತೆ ಮಾಡುವುದನ್ನೂ ಎರಡು ಮಾತಿನಲ್ಲಿ ಹೇಳಬೇಕು. ಸ್ವೀಡನ್ನಿನ ವಿಪೆಹೋಲ್ಮ್ ಎಂಬ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ, ಬುದ್ಧಿಮಾಂದ್ಯವಿದ್ದ ನಿವಾಸಿಗಳಿಗೆ ಬೇರೆ ಬೇರೆ ರೀತಿಯಲ್ಲಿ ಸಿಹಿಯನ್ನು ಕೊಟ್ಟು ಪರೀಕ್ಷಿಸಿದರು. ಅವರ ಸಮ್ಮತಿಯನ್ನು ಪಡೆಯದೆ ಅವರ ಹಲ್ಲುಗಳನ್ನು ಕೆಡಿಸಿದ ಆ ಪ್ರಯೋಗವನ್ನು ಇಂದು ಯಾರೂ ಸಮರ್ಥಿಸುವುದಿಲ್ಲ. ಅದರಿಂದ ತಿಳಿದುಬಂದ ಸಂಗತಿ ಮಾತ್ರ ನಿಂತಿದೆ: ಊಟದ ಜೊತೆಯಲ್ಲಿ ತಿಂದ ಸಿಹಿಗಿಂತ, ಊಟಗಳ ನಡುವೆ ಮತ್ತೆ ಮತ್ತೆ ತಿಂದ, ಹಲ್ಲಿಗೆ ಅಂಟಿಕೊಳ್ಳುವ ಸಿಹಿಯೇ ಹೆಚ್ಚಿನ ಕೇಡು. ಮೇಲೆ ಹೇಳಿದ ಜಮಾಖರ್ಚನ್ನು ನೆನೆದರೆ ಕಾರಣ ಸ್ಪಷ್ಟ. ಹಬ್ಬದ ದಿನ ಎಲೆಯ ಮೇಲೆ ಬಡಿಸಿದ ಹೋಳಿಗೆಗೆ ಹಲ್ಲು ಕೊಡುವ ಸುಂಕ ಒಂದೇ ಸಲ. ಕಚೇರಿಯಲ್ಲಿ ಗಂಟೆಗೊಮ್ಮೆ ಕುಡಿಯುವ ಸಕ್ಕರೆಯ ಕಾಫಿ, ಮಗುವಿನ ಜೇಬಿನ ಪೆಪ್ಪರ್‌ಮೆಂಟು, ರಾತ್ರಿ ಮಲಗಿಸುವಾಗ ಬಾಯಿಗಿಡುವ ಸಿಹಿಹಾಲಿನ ಬಾಟಲಿ, ಇವು ಪ್ರತಿಸಲವೂ ಸುಂಕ ಕೇಳುತ್ತವೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿಯ ಸಿಹಿ ಎಲ್ಲಕ್ಕಿಂತ ಕೆಟ್ಟದು.

ಹಲ್ಲುಜ್ಜುವುದನ್ನು ನಾವು ಬೆಳಗಿನ ಶೌಚವೆಂದು ತಿಳಿದಿದ್ದೇವೆ. ಮಲಗುವ ಮುನ್ನ ಉಜ್ಜುವುದು ಅದಕ್ಕಿಂತಲೂ ಅಗತ್ಯ. ಉಪ್ಪು ಇದ್ದಿಲುಗಳ ಒರಟು ಪುಡಿ ಎನಾಮಲ್ಲನ್ನು ಸವೆಸುವುದು. ಫ್ಲೋರೈಡುಳ್ಳ ಪೇಸ್ಟು ಖನಿಜವನ್ನು ಮರಳಿ ಸೇರಿಸಲು ನೆರವಾಗುವುದು. ಫ್ಲೋರೈಡಿನಲ್ಲಿಯೂ ಮಿತಿ ಬೇಕೆಂಬುದಕ್ಕೆ ಹೊರದೇಶಗಳಿಗೆ ಹೋಗಬೇಕಾಗಿಲ್ಲ. ಕೋಲಾರ, ತುಮಕೂರು, ರಾಯಚೂರು ಮೊದಲಾದ ಜಿಲ್ಲೆಗಳ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಅದು ಅತಿಯಾಗಿದ್ದು, ಹಲ್ಲುಗಳು ಕಂದುಬಣ್ಣದ ಮಚ್ಚೆಗಟ್ಟುವುದನ್ನು ಕಾಣುತ್ತೇವೆ. ಅಂತಹ ಊರಿನವರು ನೀರನ್ನು ಪರೀಕ್ಷಿಸಿಕೊಂಡು ವೈದ್ಯರ ಸಲಹೆಯಂತೆ ನಡೆಯಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟು ಸಾಕು. ನುಂಗದೆ ಉಗುಳುವುದನ್ನು ಕಲಿಸಬೇಕು.

ಇಷ್ಟೆಲ್ಲ ಮಾಡಿದರೂ ಎರಡು ಹಲ್ಲುಗಳ ನಡುವೆ ಹುಟ್ಟುವ ಹುಳುಕು ನಮ್ಮ ಕನ್ನಡಿಗೆ ಕಾಣದು. ಅದನ್ನು ವೈದ್ಯರ ಕಣ್ಣೂ ಎಕ್ಸ್-ಕಿರಣದ ಚಿತ್ರವೂ ಕಾಣಬಲ್ಲವು. ಆದುದರಿಂದ ನೋವಿರಲಿ ಇಲ್ಲದಿರಲಿ, ವರ್ಷಕ್ಕೊಮ್ಮೆಯಾದರೂ ಹಲ್ಲನ್ನು ತೋರಿಸಿಕೊಳ್ಳುವುದು, ಹುಳುಕಿನ ಸ್ವಭಾವವುಳ್ಳವರೂ ಮಕ್ಕಳೂ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳುವುದು ಮೇಲು. ಬಿಳಿ ಮಚ್ಚೆ, ಕಪ್ಪು ಗೆರೆ, ಒಂದೇ ಸ್ಥಳದಲ್ಲಿ ಆಹಾರ ಸಿಕ್ಕಿಕೊಳ್ಳುವುದು, ತಣ್ಣನೆಯ ನೀರಿಗೆ ಜುಂ ಎನ್ನುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಆ ವಾರದಲ್ಲಿಯೇ ಹೋಗುವುದು ವಿವೇಕ.

ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ ಎಂದು ನಮ್ಮಲ್ಲಿ ಒಂದು ಮಾತಿದೆ. ಹಲ್ಲಿನ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯ. ಮಚ್ಚೆಯಾಗಿದ್ದಾಗ ಲೇಪದಿಂದ, ಕುಳಿಯಾಗಿದ್ದಾಗ ತುಂಬಿಸುವುದರಿಂದ ಹೋಗುವ ರೋಗವನ್ನು ಇಕ್ಕಳದವರೆಗೆ ಬೆಳೆಸುವುದು ನಮ್ಮ ಕೈಯಲ್ಲಿದೆ; ಬೆಳೆಸದಿರುವುದೂ ನಮ್ಮ ಕೈಯಲ್ಲಿಯೇ ಇದೆ. ಈ ರಾತ್ರಿ ಮಕ್ಕಳು ಮಲಗುವ ಮುನ್ನ ಅವರ ಬಾಯನ್ನು ಒಮ್ಮೆ ಬೆಳಕಿಗೆ ಹಿಡಿದು, ಹಿಂದಿನ ದವಡೆಹಲ್ಲುಗಳನ್ನು ನೋಡಬೇಕೆಂದು ನಮ್ಮ ಶ್ರೋತೃಗಳಲ್ಲಿ ಪ್ರಾರ್ಥಿಸುತ್ತೇವೆ.